ರಜದ ದಿನ ನಮಗೂ ಒಂದು ಗಂಟೆ



ನವೆಂಬರ್ 1 ಕನ್ನಡ ರಾಜ್ಯೋತ್ಸವ. ಅದು ಶನಿವಾರವೋ ಸೋಮವಾರವೋ ಬಂದರೆ ಭಾನುವಾರವೂ ಸೇರಿ ಎರಡು ದಿನ ರಜ. ಮಕ್ಕಳಿಗೆ ರಜ. ಕಚೇರಿಗೆ ಹೋಗುವವರಿಗೆ ರಜ. ನಮಗೆ?

"ನಮಗೆಲ್ಲಿ ರಜ ಟೀಚರಮ್ಮ? ಎಲ್ಲರೂ ಮನೇಲಿದ್ರೆ ಒಲೆ ಆರೋದೇ ಇಲ್ಲ" ಅಂದರು ನಮ್ಮ ಕೇಂದ್ರದ ಒಬ್ಬ ಅಕ್ಕ. ಎಲ್ಲರೂ ನಕ್ಕರು. ಆದರೆ ಮಾತು ನಿಜ. ಅದಕ್ಕೇ ಈ ಪಾಠ. ದಿನಕ್ಕೆ ಒಂದೇ ಗಂಟೆ ನಮಗಾಗಿ ಇಟ್ಟುಕೊಳ್ಳೋಣ. ಆ ಹೊತ್ತಿನಲ್ಲಿ ಮಗ ಪಾತ್ರೆ ತೊಳೆಯಲಿ. ಕೈ ಏನೂ ಸವೆಯುವುದಿಲ್ಲ.

ಮೊದಲು ಓದು. ಕಲಿತ ಅಕ್ಷರ ಬಳಸದಿದ್ದರೆ ಮರೆತುಹೋಗುತ್ತದೆ. ರಜಕ್ಕೆ ಮೊದಲೇ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ರಜದ ದಿನ ಅದರ ಬಾಗಿಲು ಮುಚ್ಚಿರಬಹುದು. ಅಲ್ಲಿ 'ಫಣಿಯಮ್ಮ' ಎಂಬ ಕಾದಂಬರಿ ಇದೆಯೇ ಎಂದು ಕೇಳಿ. ಬರೆದವರು ಎಂ.ಕೆ. ಇಂದಿರಾ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದವರು. ಅವರೂ ಹೆಚ್ಚು ಶಾಲೆ ಕಲಿತವರಲ್ಲ. ಚಿಕ್ಕಂದಿನಲ್ಲೇ ಮದುವೆಯಾಯಿತು. ಕಾದಂಬರಿ ಬರೆಯಲು ಕೂತಾಗ ವಯಸ್ಸು ನಲವತ್ತು ದಾಟಿತ್ತು. ಈ ಪುಸ್ತಕ ಬಂದದ್ದು 1976ರಲ್ಲಿ.

ಫಣಿಯಮ್ಮ ಕಟ್ಟುಕಥೆಯ ಹೆಂಗಸಲ್ಲ. ಇಂದಿರಾ ಅವರು ಬಾಲ್ಯದಲ್ಲಿ ಕಂಡಿದ್ದ ಒಬ್ಬ ಅಜ್ಜಿಯ ಬಾಳು ಅದು. ಆಡುವ ವಯಸ್ಸಿನಲ್ಲೇ ಮದುವೆ. ಗಂಡ ಎಂದರೆ ಏನು ಎಂದು ತಿಳಿಯುವ ಮೊದಲೇ ಗಂಡ ಸತ್ತ. ತಲೆ ಬೋಳಿಸಿದರು. ಮೂಲೆಗೆ ಕೂರಿಸಿದರು. ಹೀಗೇ ಅವಳ ಬಾಳೆಲ್ಲ ಕಳೆಯಿತು. ಮುಂದೆ ದಾಕ್ಷಾಯಿಣಿ ಎಂಬ ಎಳೆಯ ಹುಡುಗಿಗೂ ಗಂಡ ಸಾಯುತ್ತಾನೆ. ಅವಳು ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಆಗ ಮುದುಕಿ ಫಣಿಯಮ್ಮ ಯಾರ ಪರ ನಿಲ್ಲುತ್ತಾಳೆ ಗೊತ್ತೇ? ಆ ಹುಡುಗಿಯ ಪರ.

ನಮ್ಮ ಕೇಂದ್ರದಲ್ಲಿ ಇದನ್ನು ಓದುವಾಗ ಒಬ್ಬ ಅಕ್ಕ ಎದ್ದು ಹೊರಗೆ ಹೋದರು. ಅವರ ಗಂಡ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಅರಿಶಿನ ಕುಂಕುಮಕ್ಕೆ ಅವರನ್ನು ಯಾರೂ ಕರೆದಿಲ್ಲ. ನಾನು ಪುಸ್ತಕ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಅವರು ಮುಖ ತೊಳೆದು ಒಳಗೆ ಬಂದರು. "ಯಾಕೆ ನಿಲ್ಸಿದ್ರಿ? ಮುಂದೆ ಓದಿ" ಅಂದರು.

ಪುಸ್ತಕ ಎರಡು ದಿನದಲ್ಲಿ ಮುಗಿಯುವುದಿಲ್ಲ. ಮುಗಿಯಬೇಕಾಗಿಯೂ ಇಲ್ಲ. ದಿನಕ್ಕೆ ಎರಡು ಪುಟ ಸಾಕು. ಸಾಲಿನ ಕೆಳಗೆ ಬೆರಳಿಟ್ಟು ಓದಿ. ಒತ್ತಕ್ಷರ ತೊಡಕಾದರೆ ಆ ಪದ ಬಿಟ್ಟು ಮುಂದೆ ಹೋಗಿ, ಆಮೇಲೆ ಹಿಂದಕ್ಕೆ ಬನ್ನಿ. ದಣಿದರೆ ಮಗಳು ಓದಲಿ, ನೀವು ಕೇಳಿ. ಇನ್ನೊಂದು ಮಾತು. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಂಜಾಗಿ ಕಾಣುತ್ತದೆ. "ನಂಗೆ ಓದೋದೇ ಮರೆತೋಯ್ತು" ಅಂತ ಎಷ್ಟೋ ಜನ ಸುಮ್ಮನಾಗುತ್ತಾರೆ. ಮರೆತಿರುವುದಿಲ್ಲ, ಚಾಳೀಸು ಬೇಕಾಗಿರುತ್ತದೆ. ಕಣ್ಣು ತೋರಿಸಿಕೊಳ್ಳಿ.

ಇನ್ನು ನೋಡುವುದು. ಇದೇ ಕಥೆಯನ್ನು ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದರು. ನಿರ್ದೇಶಕಿಯೂ ಹೆಂಗಸು, ಕಥೆ ಬರೆದವರೂ ಹೆಂಗಸು. ಎಲ್.ವಿ. ಶಾರದಾ ಅವರು ಫಣಿಯಮ್ಮನಾಗಿ ನಟಿಸಿದ್ದಾರೆ. ಮೊಬೈಲಿನಲ್ಲಿ ಹುಡುಕಿಕೊಡಲು ಮಕ್ಕಳಿಗೆ ಹೇಳಿ. ಇದರಲ್ಲಿ ಹೊಡೆದಾಟ ಇಲ್ಲ, ಕುಣಿತ ಇಲ್ಲ, ನಿಧಾನ. ಒಬ್ಬರೇ ನೋಡಬೇಡಿ. ನಾಲ್ಕು ಜನ ಕೂಡಿ ನೋಡಿ. ಅತ್ತೆಯವರನ್ನೂ ಕರೆಯಿರಿ. ಅವರ ಬಾಯಲ್ಲಿ ಇನ್ನೂ ಎಷ್ಟು ಫಣಿಯಮ್ಮಂದಿರ ಕಥೆ ಇದೆಯೋ!

"ದಿನವಿಡೀ ದುಡಿಯೋರಿಗೆ ವ್ಯಾಯಾಮ ಯಾಕೆ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನೀರು ಹೊರುವುದು, ನೆಲ ಅಗೆಯುವುದು ಎಲ್ಲವೂ ಮೈಗೆ ಕೆಲಸವೇ. ಆದರೆ ಕಳೆ ಕೀಳುವಾಗ, ಕಸ ಗುಡಿಸುವಾಗ, ಬಟ್ಟೆ ಒಗೆಯುವಾಗ ಬೆನ್ನು ಮುಂದಕ್ಕೇ ಬಾಗುತ್ತದೆ. ಹಿಂದಕ್ಕೆ ಬಾಗುವ ಕೆಲಸ ನಮಗೆ ಒಂದೂ ಇಲ್ಲ. ಅದಕ್ಕೇ ಬೆನ್ನು ಹಿಡಿಯುತ್ತದೆ. ಕಾಲು ಸ್ವಲ್ಪ ಅಗಲಿಸಿ ನಿಲ್ಲಿ. ಸೊಂಟದ ಹಿಂದೆ ಎರಡೂ ಕೈ ಇಡಿ. ಮೆಲ್ಲಗೆ ಹಿಂದಕ್ಕೆ ಬಾಗಿ, ನೇರವಾಗಿ. ಹೀಗೆ ಐದು ಸಲ. ಉಸಿರು ಕಟ್ಟಬೇಡಿ. ಆಮೇಲೆ ಭುಜಗಳನ್ನು ಹಿಂದಕ್ಕೆ ತಿರುಗಿಸಿ, ಹತ್ತು ಸಲ.

ಕೂತು ಬೀಡಿ ಕಟ್ಟುವವರು, ಹೊಲಿಯುವವರು ನಡೆಯಲೇಬೇಕು. ವಾರಕ್ಕೆ 150 ನಿಮಿಷವಾದರೂ ಮೈ ಚುರುಕಾಗಿ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ. ಎಷ್ಟು ಚುರುಕಾಗಿ? ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬಸುರಿಯರು, ಬಿ.ಪಿ. ಇರುವವರು, ಸೊಂಟ ನೋವು ಇರುವವರು ಮೊದಲು ಆಶಾ ಕಾರ್ಯಕರ್ತೆಯನ್ನೋ ಡಾಕ್ಟರನ್ನೋ ಕೇಳಿ.

ಓದಿ, ಮಾತಾಡಿ, ಬರೆಯಿರಿ:

ಫಣಿಯಮ್ಮ ಆ ಹುಡುಗಿಯ ಪರ ಯಾಕೆ ನಿಂತಳು?

ನಿಮ್ಮ ಬೀದಿಯಲ್ಲಿ ಅರಿಶಿನ ಕುಂಕುಮಕ್ಕೆ ಯಾರನ್ನು ಕರೆಯುವುದಿಲ್ಲ?

ಈ ರಜದಲ್ಲಿ ನಿಮ್ಮ ಒಂದು ಗಂಟೆ ಯಾವುದು? ಹೊತ್ತು ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ.