ಶಿಕ್ಷಣದಲ್ಲಿ ಮಾಧ್ಯಮ: ದೇಶವಿದೇಶಗಳ ಪುರಸ್ಕಾರಗಳು

ಬೋಧನೆಗೆ ದೃಶ್ಯ-ಶ್ರವ್ಯ ಮಾಧ್ಯಮಗಳನ್ನು ವಿನಿಯೋಗಿಸಿದವರನ್ನು ಅಂತರರಾಷ್ಟ್ರೀಯವಾಗಿ ಗೌರವಿಸುವ ಪುರಸ್ಕಾರಗಳಲ್ಲಿ ಜಪಾನಿನ ಎನ್‌ಎಚ್‌ಕೆ ಪ್ರಸಾರಸಂಸ್ಥೆಯು 1965ರಲ್ಲಿ ಆರಂಭಿಸಿದ ‘ಜಪಾನ್ ಪ್ರೈಜ್’ ಹಳೆಯದು. ಬಹರೈನ್ ದೇಶದ ಧನಸಹಾಯದಿಂದ ಯುನೆಸ್ಕೋ 2005ರಲ್ಲಿ ಸ್ಥಾಪಿಸಿದ ಕಿಂಗ್ ಹಮದ್ ಬಿನ್ ಈಸಾ ಅಲ್-ಖಲೀಫಾ ಪ್ರಶಸ್ತಿಯ 2021ನೆಯ ಸಾಲಿನ ಗೌರವವು, ಪಿಎಂ ಇ-ವಿದ್ಯಾ ಯೋಜನೆಯಡಿ ಮಾಧ್ಯಮಗಳನ್ನು ವ್ಯಾಪಕವಾಗಿ ಬಳಸಿದುದಕ್ಕಾಗಿ ಎನ್‌ಸಿಇಆರ್‌ಟಿಯ ಅಂಗವಾದ ಕೇಂದ್ರೀಯ ಶೈಕ್ಷಣಿಕ ತಂತ್ರಜ್ಞಾನ ಸಂಸ್ಥೆಗೆ ಸಂದಿತೆಂಬುದನ್ನು ಪರೀಕ್ಷಾರ್ಥಿಗಳು ವಿಶೇಷವಾಗಿ ಸ್ಮರಿಸತಕ್ಕದ್ದು.

ದೇಶದೊಳಗೆ, ಸಮುದಾಯ ಬಾನುಲಿಗಳಿಗೆ ಭಾರತ ಸರಕಾರವು ಪ್ರತ್ಯೇಕ ರಾಷ್ಟ್ರೀಯ ಪ್ರಶಸ್ತಿಗಳನ್ನೀಯುತ್ತದೆ. ಮಣಿಪಾಲದ ಸಂವಹನ ವಿದ್ಯಾಸಂಸ್ಥೆಯು ನಡೆಸುವ 90.4 ಮೆಗಾಹರ್ಟ್ಸ್‌ನ ರೇಡಿಯೋ ಮಣಿಪಾಲ್ ಇಂಥದೇ ಸಮುದಾಯ ಕೇಂದ್ರ.

ಪ್ರಶಸ್ತಿಗಳ ಪಟ್ಟಿಯನ್ನು ಕಂಠಪಾಠ ಮಾಡುವವರು ಪ್ರಯೋಗಗಳ ಇತಿಹಾಸವನ್ನು ಮರೆಯುವುದು ಸಾಮಾನ್ಯ. ಆದರೆ ಪ್ರಶ್ನೆಗಳು ಹುಟ್ಟುವುದು ಬಹುಮಟ್ಟಿಗೆ ಅಲ್ಲಿಯೇ. 1975-76ರಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ದೂರದರ್ಶನಪಾಠವನ್ನು ಮುಟ್ಟಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕವೂ ಸೇರಿತ್ತು. ಇವೆಲ್ಲಕ್ಕೂ ಬಹುಪೂರ್ವದಲ್ಲಿ, 1936ರಷ್ಟು ಹಿಂದೆಯೇ, ಸಾಹಿತಿ ಶಿವರಾಮ ಕಾರಂತರು ‘ಬಾಲ ಪ್ರಪಂಚ’ವೆಂಬ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶವನ್ನು, ಯಾವ ಪುರಸ್ಕಾರದ ಪ್ರೇರಣೆಗೂ ಕಾಯದೆ, ಕನ್ನಡದ ಮಕ್ಕಳಿಗೆ ಒದಗಿಸಿದ್ದರು.