ರಾಸಿನ ವಿಮೆ ತಿರಸ್ಕಾರವಾದರೆ: ಗ್ರಾಹಕರ ಆಯೋಗದಲ್ಲಿ ದೂರು ನಡೆಯುವ ಬಗೆ



ಕರೆಯುವ ಹಸು ಸತ್ತಿತು, ವಿಮಾ ಕಂಪನಿಗೆ ಕಾಗದಪತ್ರ ಕಳಿಸಿದ್ದಾಯಿತು. ಕೆಲವು ತಿಂಗಳ ನಂತರ, ಪಾಲಿಸಿಯ ಷರತ್ತಿನಂತೆ ನಿಮ್ಮ ಕ್ಲೇಮು ಬರುವುದಿಲ್ಲ ಎಂದು ಒಂದು ಸಾಲಿನ ಪತ್ರ ಬಂತು. ನಮ್ಮ ಬಹುಪಾಲು ಸದಸ್ಯರು ಇಲ್ಲಿಗೇ ಕೈಚೆಲ್ಲುತ್ತಾರೆ. ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಜಮೀನಿನ ದಾವೆಗಾಗಿ ವರ್ಷಗಟ್ಟಲೆ ಅಲೆದವರನ್ನು ಕಂಡವರಿಗೆ ಅದು ಸುಳ್ಳೆನಿಸುವುದಿಲ್ಲ. ಆದರೆ ವಿಮೆಯ ತಕರಾರಿಗೆ ಸಿವಿಲ್ ಕೋರ್ಟೊಂದೇ ದಾರಿಯಲ್ಲ. ಅದಕ್ಕೆಂದೇ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವಿದೆ. ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಪ್ರತಿಯೊಬ್ಬ ಉತ್ಪಾದಕರೂ ತಿಳಿದಿರಬೇಕು.

ಮೊದಲು ‘ಗ್ರಾಹಕ ವೇದಿಕೆ’ ಎನ್ನುತ್ತಿದ್ದುದೇ ಈ ಆಯೋಗ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಹೆಸರು ಬದಲಾಯಿತು. ಒಬ್ಬ ಅಧ್ಯಕ್ಷರು, ಜೊತೆಗೆ ಸದಸ್ಯರು ಕುಳಿತು ವಿಚಾರಣೆ ನಡೆಸುತ್ತಾರೆ. ಸಾಕ್ಷಿಯನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯಕ್ಕಿರುವ ಅಧಿಕಾರ ಇದಕ್ಕೂ ಇದೆ. ದೂರು ಎಲ್ಲಿಗೆ ಹೋಗಬೇಕೆಂಬುದನ್ನು ಈಗ ನಿರ್ಧರಿಸುವುದು ನೀವು ಕೇಳುವ ಪರಿಹಾರದ ಮೊತ್ತವಲ್ಲ, ಸೇವೆಗೆ ಕಟ್ಟಿದ ಹಣ, ಅಂದರೆ ಪ್ರೀಮಿಯಂ. ಅದು 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ದೂರಿಗೆ ಶುಲ್ಕವೂ ಇಲ್ಲ. ಕಂಪನಿಯ ಕಛೇರಿ ದೂರದ ಊರಿನಲ್ಲಿದ್ದರೂ ನೀವು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

‘ಹೈನುಗಾರಿಕೆ ವ್ಯಾಪಾರ, ಇವರು ಗ್ರಾಹಕರೇ ಅಲ್ಲ’ ಎಂದು ಕೆಲವು ಕಂಪನಿಗಳು ವಾದಿಸುವುದುಂಟು. ಇದಕ್ಕೆ ಹೆದರಬೇಕಿಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಮಾಡುವ ಕಸುಬನ್ನು ಕಾಯ್ದೆ ವಾಣಿಜ್ಯವೆಂದು ಎಣಿಸುವುದಿಲ್ಲ. ಅಲ್ಲದೆ ವಿಮೆ ಮಾಡಿಸುವುದು ನಷ್ಟ ತುಂಬಿಕೊಳ್ಳಲೇ ಹೊರತು ಲಾಭ ಗಳಿಸಲಲ್ಲ ಎಂದು 2023ರಲ್ಲಿ ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗುಂಪು ವಿಮೆಯ ಪಾಲಿಸಿ ಸಂಘದ ಅಥವಾ ಒಕ್ಕೂಟದ ಹೆಸರಿನಲ್ಲಿದ್ದರೂ ಅದರ ಫಲಾನುಭವಿಯಾದ ಸದಸ್ಯರು ದೂರುದಾರರಾಗಬಹುದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಆಯೋಗ ದೂರನ್ನು ತೀರ್ಮಾನಿಸುವುದು ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆ. ಸಿನಿಮಾದಲ್ಲಿ ಕಾಣುವಂತೆ ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡುವುದು ಇಲ್ಲಿ ಅಪರೂಪ. ಆದ್ದರಿಂದ ಕೇಸಿನ ಬಲವೆಲ್ಲ ಇರುವುದು ರಾಸು ಸತ್ತ ದಿನ ನೀವು ಮಾಡಿಟ್ಟುಕೊಂಡ ಕಾಗದದಲ್ಲಿ. ನನ್ನ ಅನುಭವದಲ್ಲಿ ಕ್ಲೇಮುಗಳು ಬೀಳುವುದು ಹೆಚ್ಚಾಗಿ ಕಿವಿಯೋಲೆಯ ಕಾರಣಕ್ಕೆ. ಓಲೆ ಬಿದ್ದುಹೋದಾಗ ಹೊಸದನ್ನು ಹಾಕಿಸುತ್ತಾರೆ, ಆದರೆ ಹೊಸ ಸಂಖ್ಯೆಯನ್ನು ಕಂಪನಿಗೆ ಬರೆದು ತಿಳಿಸುವುದಿಲ್ಲ. ಪಾಲಿಸಿಯಲ್ಲಿ ಒಂದು ಸಂಖ್ಯೆ, ಸತ್ತ ಹಸುವಿನ ಕಿವಿಯಲ್ಲಿ ಇನ್ನೊಂದು. ಅದೇ ರಾಸು ಇದೆಂದು ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ. ಓಲೆ ಬದಲಾದ ವಾರದಲ್ಲೇ ಪತ್ರ ಬರೆದು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ರಾಸು ಸತ್ತಾಗ ವೈದ್ಯರು ನೋಡುವವರೆಗೆ ಓಲೆಯನ್ನು ಕಳಚಬೇಡಿ. ಓಲೆಯ ಸಂಖ್ಯೆ ಓದಲು ಬರುವಂತೆ ಒಂದು, ಇಡೀ ರಾಸು ಕಾಣುವಂತೆ ಒಂದು ಫೋಟೋ ತೆಗೆಸಿ. ಕಂಪನಿಗೆ ಫೋನಿನಲ್ಲಿ ತಿಳಿಸಿದರೆ ಸಾಲದು, ಅಂದೇ ಲಿಖಿತವಾಗಿಯೂ ತಿಳಿಸಬೇಕು.

ಮರಣೋತ್ತರ ಪರೀಕ್ಷೆಗೆ ತಡ ಮಾಡಬಾರದು. ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಹೆಣ ಉಬ್ಬಿ, ಒಳಗಿನ ಅಂಗಗಳು ಕೊಳೆಯತೊಡಗುತ್ತವೆ. ಹೊಟ್ಟೆಯುಬ್ಬರದಿಂದಲೇ ಸತ್ತಿತೋ, ಸತ್ತ ಮೇಲೆ ಉಬ್ಬಿತೋ ಎಂದು ಹೇಳುವುದು ಆಗ ಕಠಿಣ. ‘ಸಾವಿಗೆ ಕಾರಣ ಖಚಿತವಿಲ್ಲ’ ಎಂದು ವರದಿಯಲ್ಲಿ ಬಂದರೆ ಎದುರುದಾರರ ವಕೀಲರು ಮೊದಲು ಬೆರಳಿಡುವುದು ಅಲ್ಲಿಯೇ. ಕಾಯಿಲೆ ಎಂದು ಶುರುವಾಯಿತು, ಯಾರು ಚಿಕಿತ್ಸೆ ಕೊಟ್ಟರು ಎಂಬುದನ್ನು ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳಿ. ಔಷಧಿ ಚೀಟಿಗಳನ್ನು ಎಸೆಯಬೇಡಿ. ಇಲ್ಲೊಂದು ಮಾತು: ನೆರಡಿ ರೋಗದ ಶಂಕೆಯಿದ್ದರೆ ವೈದ್ಯರು ಹೆಣವನ್ನು ಕೊಯ್ಯುವುದಿಲ್ಲ, ಕೊಯ್ಯಲೂಬಾರದು. ಕೊಯ್ದರೆ ರೋಗಾಣು ನೆಲಕ್ಕೆ ಸೇರಿ ವರ್ಷಾನುಗಟ್ಟಲೆ ಉಳಿಯುತ್ತದೆ, ಮನುಷ್ಯರಿಗೂ ತಗಲುತ್ತದೆ. ಡಾಕ್ಟರು ಪರೀಕ್ಷೆ ಮಾಡಲಿಲ್ಲವೆಂದು ಸಿಟ್ಟಾಗುವ ಬದಲು, ಏಕೆ ಮಾಡಲಿಲ್ಲವೆಂಬ ದೃಢೀಕರಣವನ್ನೂ ರಕ್ತಲೇಪನದ ಪ್ರಯೋಗಾಲಯ ವರದಿಯ ಪ್ರತಿಯನ್ನೂ ಕೇಳಿ ಪಡೆಯಿರಿ. ಆಯೋಗದ ಮುಂದೆ ಅವೇ ನಿಮ್ಮ ದಾಖಲೆ.

ದೂರು ಬರೆಯಲು ವಕೀಲರೇ ಬೇಕೆಂಬ ನಿಯಮವಿಲ್ಲ. ನೀವು ಯಾರು, ಎದುರುದಾರರು ಯಾರು, ಪಾಲಿಸಿ ಸಂಖ್ಯೆ, ಓಲೆ ಸಂಖ್ಯೆ, ರಾಸು ಸತ್ತ ದಿನಾಂಕ, ಕಂಪನಿಗೆ ತಿಳಿಸಿದ ದಿನಾಂಕ, ತಿರಸ್ಕಾರದ ಕಾರಣ, ನೀವು ಕೇಳುವ ಪರಿಹಾರ, ಇಷ್ಟನ್ನು ತಾರೀಖಿನ ಕ್ರಮದಲ್ಲಿ ಬರೆಯಿರಿ. ಬೈಗುಳ ಬೇಡ, ಅದರಿಂದ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ. ಜೊತೆಗೆ ಪ್ರಮಾಣಪತ್ರ, ದಾಖಲೆಗಳ ಪಟ್ಟಿ, ಆಯೋಗಕ್ಕೂ ಪ್ರತಿಯೊಬ್ಬ ಎದುರುದಾರರಿಗೂ ಪ್ರತಿಗಳು ಬೇಕು. ಕಾಲಮಿತಿ 2 ವರ್ಷ. ಸಾಮಾನ್ಯವಾಗಿ ತಿರಸ್ಕಾರ ಪತ್ರದ ದಿನದಿಂದ ಲೆಕ್ಕ ಹಿಡಿಯುತ್ತಾರಾದರೂ ರಾಸು ಸತ್ತ ದಿನದಿಂದಲೇ ಎಣಿಸಿಕೊಳ್ಳುವುದು ಜಾಣತನ. ಕಂಪನಿ ಉತ್ತರವನ್ನೇ ಕೊಡದಿದ್ದರೆ ಕಾಯುತ್ತಾ ಕೂರಬೇಡಿ. ತಡವಾದರೆ ಕ್ಷಮಿಸಲು ಅವಕಾಶವಿದೆ, ಆದರೆ ಸಾಕಷ್ಟು ಕಾರಣ ತೋರಿಸಬೇಕಾಗುತ್ತದೆ.

ದೂರನ್ನು ಅಂಗೀಕರಿಸಬೇಕೇ ಎಂಬುದನ್ನು ಆಯೋಗವು ಸಾಮಾನ್ಯವಾಗಿ 21 ದಿನಗಳಲ್ಲಿ ತೀರ್ಮಾನಿಸಬೇಕು. ನಂತರ ಎದುರುದಾರರಿಗೆ ನೋಟೀಸು ಹೋಗುತ್ತದೆ. ಉತ್ತರಕ್ಕೆ ಅವರಿಗೆ 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಈ 45 ದಿನದ ಆಚೆಗೆ ಕಾಲಾವಕಾಶ ಕೊಡುವಂತಿಲ್ಲವೆಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿದೆ. ಹಾಗಾಗಿ ನೋಟೀಸು ಎದುರುದಾರರಿಗೆ ಮುಟ್ಟಿದ ದಿನಾಂಕವನ್ನು ಆಯೋಗದ ಕಛೇರಿಯಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳಿ. ಇಬ್ಬರೂ ಒಪ್ಪಿದರೆ ಆಯೋಗ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳಿಸಬಹುದು. ಕಂಪನಿಯವರು ನ್ಯಾಯವಾದ ಮೊತ್ತ ಕೊಡಲು ಬಂದರೆ ಒಪ್ಪುವುದರಲ್ಲಿ ತಪ್ಪಿಲ್ಲ, ಅದು ಸೋಲಲ್ಲ. ಇಲ್ಲವಾದರೆ ಎರಡೂ ಕಡೆಯ ಪ್ರಮಾಣಪತ್ರ, ವಾದ, ಆದೇಶ. ನೋಟೀಸು ಮುಟ್ಟಿದ ದಿನದಿಂದ 3 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆಂದು ತಿಳಿದೇ ಹೊರಡಿ. ವಾಯಿದೆ ತಪ್ಪಿಸಬೇಡಿ. ನೀವು ಬಾರದಿದ್ದರೆ ಕಡತದಲ್ಲಿ ಇರುವುದನ್ನಷ್ಟೇ ನೋಡಿ ತೀರ್ಮಾನವಾಗಬಹುದು.

ಜಿಲ್ಲಾ ಆಯೋಗದ ಆದೇಶದ ಮೇಲೆ 45 ದಿನದೊಳಗೆ ಬೆಂಗಳೂರಿನಲ್ಲಿರುವ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಹಣ ಕೊಡಬೇಕೆಂದು ಆದೇಶವಾದ ಕಂಪನಿ ಮೇಲ್ಮನವಿಗೆ ಹೋದರೆ ಆ ಹಣದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಗೂ ಹೋಗದೆ, ಹಣವನ್ನೂ ಕೊಡದೆ ಕುಳಿತರೆ ಅದೇ ಜಿಲ್ಲಾ ಆಯೋಗದಲ್ಲಿ ಅಮಲ್ಜಾರಿ ಅರ್ಜಿ ಹಾಕಬೇಕು. ಆದೇಶ ಪಾಲಿಸದವರಿಗೆ 1 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ನಮ್ಮ ಸಂಘಗಳಲ್ಲಿ ಅನೇಕ ರಾಸುಗಳು, ಪಾಲಿಸಿಗಳು ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿವೆ. ಅಂಥ ಕಡೆ ದೂರನ್ನು ಅವರ ಹೆಸರಿನಲ್ಲೇ ಕೊಡಬೇಕು, ಗಂಡನೋ ಮಗನೋ ಸಹಿ ಮಾಡಿದರೆ ಆಗದು. ವಕೀಲರ ನೆರವು ಬೇಕಾದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ದೊರೆಯುತ್ತದೆ. ತಾಲ್ಲೂಕು ಮಟ್ಟದಲ್ಲಿ ಇದಕ್ಕೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಹೋಗುವಾಗ ಪಾಲಿಸಿ ಮತ್ತು ತಿರಸ್ಕಾರ ಪತ್ರದ ಜೆರಾಕ್ಸ್ ಪ್ರತಿ ಕೊಟ್ಟು, ಮೂಲ ಪ್ರತಿಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.