ರಾಕೆಟ್‌ಗೆ ಮೋಡ ಕಂಡರೆ ಯಾಕೆ ಭಯ?

ಪಿಯುಸಿ ಫಿಸಿಕ್ಸ್‌ನಲ್ಲಿ ನಾವೆಲ್ಲ ಓದಿದ್ದೇವೆ: ಒಣ ಗಾಳಿಯಲ್ಲಿ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ತಲುಪಿದರೆ ಕಿಡಿ ಹಾರುತ್ತದೆ. ಎಷ್ಟೋ ಮೋಡಗಳಲ್ಲಿ ಕ್ಷೇತ್ರ ಅದರ ಹತ್ತಿರಕ್ಕೂ ಬರಲ್ಲ. ಮಿಂಚಿಲ್ಲದೆ ಸುಮ್ಮನೆ ಮಳೆ ಬರುತ್ತೆ, ಅಷ್ಟೆ. ಹಾಗಾದರೆ ರಾಕೆಟ್ ಬಿಡೋಕೆ ಏನು ತೊಂದರೆ?

ತೊಂದರೆ ರಾಕೆಟ್‌ನಿಂದಲೇ ಶುರುವಾಗುತ್ತೆ. ಅದು ಚೂಪು ಮೂತಿಯ ಉದ್ದನೆಯ ಲೋಹದ ಕಂಬ. ಅದರ ಬಾಲದಲ್ಲಿ ಬರುವ ಬಿಸಿ ಅನಿಲದಲ್ಲಿ ಅಯಾನುಗಳಿರುವುದರಿಂದ ಅದೂ ವಿದ್ಯುತ್ ಹರಿಸುತ್ತದೆ. ಅಂದರೆ ಮೋಡದೊಳಗೆ ನಾವೇ ಒಂದು ಉದ್ದದ ತಂತಿ ತೂರಿಸಿದ ಹಾಗೆ. ತುದಿಯಲ್ಲಿ ಕ್ಷೇತ್ರ ಹಲವು ಪಟ್ಟು ಹೆಚ್ಚಾಗಿ, ಇಲ್ಲದ ಮಿಂಚು ಹುಟ್ಟುತ್ತದೆ.

1969ರ ನವೆಂಬರ್ 14ರಂದು ಅಪೊಲೊ 12 ಫ್ಲಾರಿಡಾದಿಂದ ಮಳೆಯಲ್ಲೇ ಹೊರಟಿತು. 36ನೇ ಸೆಕೆಂಡಿಗೆ ಒಂದು ಮಿಂಚು, 52ನೇ ಸೆಕೆಂಡಿಗೆ ಇನ್ನೊಂದು. ನೌಕೆಯ ಫ್ಯೂಯಲ್ ಸೆಲ್‌ಗಳ ಸಂಪರ್ಕ ಕಡಿದುಹೋಯಿತು, ಹೂಸ್ಟನ್‌ಗೆ ಬರುತ್ತಿದ್ದ ಡೇಟಾಗೆ ಅರ್ಥವೇ ಇರಲಿಲ್ಲ. ಜಾನ್ ಆರನ್ ಎಂಬ 26 ವರ್ಷದ ಎಂಜಿನಿಯರ್ (ನಮಗಿಂತ ಬರೀ ಏಳು ವರ್ಷ ದೊಡ್ಡವರು!) ಹಿಂದೆ ಒಂದು ಟೆಸ್ಟ್‌ನಲ್ಲಿ ಇದೇ ಥರದ ಅಂಕಿಗಳನ್ನು ನೋಡಿದ್ದರು. "ಎಸ್‌ಸಿಇ ಟು ಆಕ್ಸ್" ಎಂದರು. ಸೆನ್ಸರ್ ಸಿಗ್ನಲ್‌ಗಳನ್ನು ಹದಗೊಳಿಸುವ ಪೆಟ್ಟಿಗೆಯನ್ನು ಸಹಾಯಕ ಮೋಡ್‌ಗೆ ಹಾಕಿ ಅಂತ. ಆ ಸ್ವಿಚ್ ಎಲ್ಲಿದೆ ಅಂತ ಗಗನಯಾತ್ರಿ ಅಲನ್ ಬೀನ್‌ಗೆ ಗೊತ್ತಿತ್ತು. ಡೇಟಾ ವಾಪಸ್ ಬಂತು. ರಾಕೆಟ್ ನಡೆಸುವ ಕಂಪ್ಯೂಟರ್ ಬೇರೆಯದಾಗಿದ್ದು, ಅದಕ್ಕೆ ಏನೂ ಆಗದೇ ಇದ್ದದ್ದು ಅವರ ಪುಣ್ಯ.

1987ರ ಮಾರ್ಚ್ 26ರಂದು ಹೊರಟ ಅಟ್ಲಾಸ್-ಸೆಂಟಾರ್‌ಗೆ ಆ ಪುಣ್ಯ ಇರಲಿಲ್ಲ. ಮಿಂಚು ಅದರ ಕಂಪ್ಯೂಟರ್ ಮೆಮೊರಿಯಲ್ಲಿ ಒಂದೇ ಒಂದು ವರ್ಡ್ ಬದಲಿಸಿತು. ರಾಕೆಟ್ ಏಕಾಏಕಿ ಪಕ್ಕಕ್ಕೆ ತಿರುಗಿ, ಗಾಳಿಯ ಹೊಡೆತಕ್ಕೆ ಮುರಿದುಬಿತ್ತು. ಅಮೆರಿಕ ನೌಕಾಪಡೆಯ ಸಂವಹನ ಉಪಗ್ರಹವೂ ಅದರ ಜೊತೆ ಹೋಯಿತು.

ಆಮೇಲೆ ನಿಯಮಗಳು ಬಿಗಿಯಾದವು. ಈಗ ಸುಮಾರು 18 ಕಿ.ಮೀ. ಒಳಗೆ ಮಿಂಚಿದರೆ 30 ನಿಮಿಷ ಕಾಯಬೇಕು. ಕಣ್ಣಿಗೆ ಕಾಣದ ಕ್ಷೇತ್ರ ಅಳೆಯೋಕೆ ಉಡಾವಣಾ ಕೇಂದ್ರದ ಸುತ್ತ ಫೀಲ್ಡ್ ಮಿಲ್‌ಗಳಿವೆ. ಇದರಲ್ಲಿ ಒಂದು ಮೋಟರ್ ತಿರುಗುತ್ತಾ ಲೋಹದ ತಟ್ಟೆಗಳನ್ನು ಮುಚ್ಚಿ ತೆರೆಯುತ್ತದೆ. ತಟ್ಟೆಯ ಮೇಲಿನ ಚಾರ್ಜ್ ಏರಿಳಿದು ಸಣ್ಣ ಎಸಿ ಕರೆಂಟ್ ಬರುತ್ತದೆ. ಅದನ್ನು ಅಳೆದರೆ ಕ್ಷೇತ್ರ ಗೊತ್ತಾಗುತ್ತೆ. ಎಷ್ಟು ಸರಳ ನೋಡಿ!

2020ರ ಮೇ 27ರಂದು ಸ್ಪೇಸ್‌ಎಕ್ಸ್‌ನ ಕ್ರೂ ಡ್ರ್ಯಾಗನ್‌ನಲ್ಲಿ ಬಾಬ್ ಬೆಂಕೆನ್ ಮತ್ತು ಡಗ್ ಹರ್ಲಿ ಕೂತಾಗಿತ್ತು. ರಾಕೆಟ್ಟೇ ಮಿಂಚು ಹುಟ್ಟಿಸಬಹುದು ಅಂತ, 17 ನಿಮಿಷ ಬಾಕಿ ಇರುವಾಗ ಉಡಾವಣೆ ನಿಲ್ಲಿಸಿದರು. ಸ್ವಲ್ಪ ಕಾಯೋಣ ಅಂದರೆ ಕಕ್ಷೆಯಲ್ಲಿ ಓಡುತ್ತಿರುವ ಬಾಹ್ಯಾಕಾಶ ನಿಲ್ದಾಣ ಕಾಯಲ್ಲ. ಇಬ್ಬರೂ ಇಳಿದು ಹೋಗಿ, ಮೇ 30ಕ್ಕೆ ಮತ್ತೆ ಬಂದು ಹತ್ತಿದರು.